ಟ್ರೆಡಿಷನಲ್ ಬಿಲ್ಲಿಗೆ ಕಾರ್ಬನ್ ಬಾಣ: ಡಜನ್ ಆರ್ಡರ್ ಮಾಡೋ ಮುಂಚೆ ಟೆಸ್ಟ್ ಕಿಟ್ ತರ್ಸಿ

ಟೈಮ್ ಇಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಹಳೇ ಮಾದರಿ ಬಿಲ್ಲುಗಳಾದ ರಿಕರ್ವ್ ಅಥವಾ ಲಾಂಗ್‌ಬೋಗೆ ಬೇಟೆ ಬಾಣ ಹುಡುಕ್ತಿದ್ರೆ ಈಸ್ಟನ್ ಆಕ್ಸಿಸ್ ಟ್ರೆಡಿಷನಲ್ ಒಳ್ಳೇ ಮಾಲು, ಗೋಲ್ಡ್ ಟಿಪ್ ಟ್ರೆಡಿಷನಲ್ಲೂ ಒಳ್ಳೇ ಮಾಲು, ಎರಡೂ ನೋಡಕ್ಕೆ ಮರದ ಬಾಣದ ತರ, ಒಳಗೆ ಪೂರ್ತಿ ಕಾರ್ಬನ್ನು. ಆದ್ರೆ ಮೊದ್ಲು ದುಡ್ಡು ಹಾಕ್ಬೇಕಾಗಿರೋದು ಇವೆರಡಕ್ಕೂ ಅಲ್ಲ, ಟೆಸ್ಟ್ ಕಿಟ್ಟಿಗೆ. ಬೇರೆ ಬೇರೆ ಸ್ಪೈನಿನ (ಬಾಣ ಎಷ್ಟು ಬಗ್ಗತ್ತೆ ಅನ್ನೋ ಅಳತೆ) ಒಂದೊಂದೇ ಶಾಫ್ಟು, ಅಂದ್ರೆ ಬಾಣದ ಕೋಲು, ಜೊತೆಗೆ ಬೇರೆ ಬೇರೆ ತೂಕದ ಫೀಲ್ಡ್ ಪಾಯಿಂಟು, ಅಂದ್ರೆ ಅಭ್ಯಾಸದ ಮೊನೆ, ಇಷ್ಟಿದ್ರೆ ಒಂದು ವೀಕೆಂಡಲ್ಲಿ ನಿಮ್ಮ ಬಿಲ್ಲಿಗೆ ಏನು ಬೇಕು ಅಂತ ಬಿಲ್ಲೇ ಹೇಳತ್ತೆ. ಅಮೆರಿಕದ ಇಂಡಿಯಾನಾ ರಾಜ್ಯದ ಆಶ್ಲೀ ಅನ್ನೋ ಊರಲ್ಲಿರೋ ತ್ರೀ ರಿವರ್ಸ್ ಆರ್ಚರಿಯವ್ರು ಇಂಥ ಕಿಟ್ ಮಾರ್ತಾರೆ, ನಾನು ತರ್ಸಿದ್ದೂ ಅಲ್ಲಿಂದ್ಲೇ. ಕಿಟ್ಟಿಗೆ ಐದಕ್ಕೆ ಐದು, ಆಕ್ಸಿಸ್‌ಗೆ ನಾಲ್ಕೂವರೆ, ಗೋಲ್ಡ್ ಟಿಪ್‌ಗೆ ನಾಲ್ಕು. ಯಾಕೆ ಅನ್ನೋದನ್ನ ಕೆಳಗೆ ಬರ್ದಿದೀನಿ, ಸ್ವಲ್ಪ ಉದ್ದ ಆಗತ್ತೆ.

ನಾನಿರೋದು ಮಿಷಿಗನ್ನಲ್ಲಿ. ಇಲ್ಲಿ ಬಿಲ್ಲುಬಾಣದಲ್ಲಿ ಜಿಂಕೆ ಬೇಟೆ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ರ ತನಕ, ಆಮೇಲೆ ಬಂದೂಕಿನವ್ರ ಸೀಸನ್ನು, ಅದು ಮುಗಿದ್ಮೇಲೆ ಡಿಸೆಂಬರಲ್ಲಿ ಮತ್ತೆ ನಮ್ದು. ಬಿಲ್ಲು ಬೇರ್ ಕಂಪನಿಯ ಸೂಪರ್ ಕೋಡಿಯಾಕ್, 60 ಇಂಚು, 45 ಪೌಂಡು. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟಲ್ಲಿ ಶುರು ಮಾಡಿ ಆಮೇಲೆ ಗ್ರೇಲಿಂಗ್ ಅನ್ನೋ ಊರಿಗೆ ತಗೊಂಡೋದ ಕಂಪನಿ, ಈಗ ಫ್ಲಾರಿಡಾಕ್ಕೆ ಹೋಗಿದ್ರೂ ಇಲ್ಲಿನ ಜನ ಇನ್ನೂ ಅದನ್ನ ತಮ್ಮನೇದು ಅಂತಾನೇ ಅಂದ್ಕೊಂಡಿದಾರೆ. ಬಿಲ್ಲಿನ ಮೇಲೆ 45 ಅಂತ ಬರ್ದಿರೋದು 28 ಇಂಚು ಎಳೆದಾಗ, ನಾನು ಎಳೆಯೋದು 27, ಒಂದಿಂಚಿಗೆ ಎರಡು ಎರಡೂವರೆ ಪೌಂಡು ಇಳಿಯತ್ತೆ, ಅಂದ್ರೆ ನನ್ನ ಬೆರಳಿಗೆ ಬರೋದು ಹತ್ರತ್ರ 43. ಬಾಣ ಆರಿಸೋವಾಗ ಈ 43ನ್ನ ಹಿಡ್ಕೋಬೇಕು, ಬಿಲ್ಲಿನ ಮೇಲೆ ಬರ್ದಿರೋ ನಂಬರ್ ಅಲ್ಲ. ಕ್ಲಬ್ಬುಗಳಲ್ಲಿ ಇರೋ ಲಗೇಜ್ ತೂಕ ಮಾಡೋ ತರದ ಬೋ ಸ್ಕೇಲಲ್ಲಿ ನಿಮ್ಮ ಎಳೆತದಲ್ಲಿ ಒಂದ್ಸಲ ತೂಗಿ ನೋಡ್ಬಿಡಿ, ಗೊಂದ್ಲ ಇರಲ್ಲ.

ಇನ್ನು ಸ್ಪೈನು. ಹೊಸಬ್ರು ಹೆಚ್ಚಾಗಿ ಕನ್ಫ್ಯೂಸ್ ಆಗೋದೇ ಇಲ್ಲಿ. ಕಾರ್ಬನ್ ಶಾಫ್ಟಿನ ಮೇಲೆ 340, 400, 500, 600 ಅಂತ ಇರತ್ತಲ್ಲ, ಅದು ಆ ಶಾಫ್ಟನ್ನ 28 ಇಂಚು ದೂರ ಇರೋ ಎರಡು ಆಧಾರದ ಮೇಲಿಟ್ಟು ನಡುವೆ 1.94 ಪೌಂಡ್ ತೂಕ ನೇತಾಕಿದ್ರೆ ಎಷ್ಟು ಬಗ್ಗತ್ತೆ ಅನ್ನೋ ಲೆಕ್ಕ, ಇಂಚಿನ ಸಾವಿರದ ಪಾಲಲ್ಲಿ. 500 ಅಂದ್ರೆ ಅರ್ಧ ಇಂಚು ಬಗ್ಗತ್ತೆ. ಹಂಗಾಗಿ ನಂಬರ್ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಮರದ ಬಾಣಗಳ ಹಳೇ ಲೆಕ್ಕ ಬೇರೆ, ಅದು 26 ಇಂಚು, 2 ಪೌಂಡು, ಅದನ್ನ 45-50, 50-55 ಅಂತ ಬಿಲ್ಲಿನ ಪೌಂಡಲ್ಲೇ ಹೇಳ್ತಾರೆ, ಅದನ್ನೂ ಇದನ್ನೂ ಕಲಸಿಬಿಟ್ರೆ ಕೆಟ್ಟೋಯ್ತು.

ಇದು ಬಾಣ ಸುಮ್ನೆ ಮಲಗಿದ್ದಾಗಿನ ಕತೆ. ಬಿಟ್ಟಾಗಿನ ಕತೆ ಪೂರ್ತಿ ಬೇರೆ. ಬೆರಳಿಂದ ಹೆದೆ ಬಿಟ್ರೆ ಅದು ನೇರ ಹೋಗಲ್ಲ, ಬೆರಳಿನ ತುದಿ ಸುತ್ಕೊಂಡು ಪಕ್ಕಕ್ಕೆ ಜಾರಿ ಹೋಗತ್ತೆ, ಬಾಣ ಬಾಗಿ, ಬಿಲ್ಲಿನ ಹಿಡಿಯನ್ನ ಬಳಸ್ಕೊಂಡು, ಆ ಕಡೆ ಈ ಕಡೆ ತೊನೆದು ಆಮೇಲೆ ಸರಿಯಾಗತ್ತೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಅನ್ನೋ ವಿಜ್ಞಾನಿ ಹೈಸ್ಪೀಡ್ ಕ್ಯಾಮೆರಾದಲ್ಲಿ ಇದನ್ನೆಲ್ಲ ಹಿಡಿದು ತೋರಿಸಿದ್ರು. ಕಾಂಪೌಂಡ್ ಬಿಲ್ಲಲ್ಲಿ (ತುದೀಲಿ ಗಾಲಿ ಇರೋದು) ಹೆದೆ ಬಿಡಕ್ಕೆ ರಿಲೀಸ್ ಯಂತ್ರ ಇರತ್ತೆ, ಬಾಣ ನಡುಮಧ್ಯದಲ್ಲಿ ಕೂತಿರತ್ತೆ, ಸ್ಪೈನ್ ಸ್ವಲ್ಪ ಆಚೆ ಈಚೆ ಆದ್ರೂ ನಡಿಯತ್ತೆ. ನಮ್ಮ ಬಿಲ್ಲಲ್ಲಿ ಎಷ್ಟು ಉದ್ದದ ಬಾಣ, ಮುಂದೆ ಎಷ್ಟು ತೂಕ, ಶೆಲ್ಫ್ (ಬಿಲ್ಲಲ್ಲಿ ಬಾಣ ಕೂರೋ ಕಟ್ಟೆ) ನಡುಗೆರೆಯಿಂದ ಎಷ್ಟು ಒಳಗೆ ಕೊರ್ದಿದಾರೆ, ಹೆದೆ ಹಿಗ್ಗೋ ದಾರದ ಡಾಕ್ರಾನೋ ಅಷ್ಟಾಗಿ ಹಿಗ್ಗದ ಫಾಸ್ಟ್‌ಫ್ಲೈಟೋ, ಎಲ್ಲಾ ಲೆಕ್ಕಕ್ಕೆ ಬರತ್ತೆ. ಒಂದೇ ಬಿಲ್ಲಿಗೆ ಡಾಕ್ರಾನ್ ತೆಗೆದು ಫಾಸ್ಟ್‌ಫ್ಲೈಟ್ ಹಾಕಿದ್ರೆ ಬಾಣಕ್ಕೆ ಬಿಲ್ಲು ಕೆಲವು ಪೌಂಡ್ ಜಾಸ್ತಿ ಆದಂಗೆ, ಆಗ ಗಟ್ಟಿ ಬಾಣ ಬೇಕಾಗತ್ತೆ.

ಇದಕ್ಕೇ ನಂಗೆ ಸಾಮಾನ್ಯ ಆರ್ಚರಿ ಅಂಗಡಿಗಳ ಮೇಲೆ ಸಿಟ್ಟು. ಹೆಸ್ರು ಬೇಡ, ನಮ್ಮ ಕಡೆ ಒಂದು ಅಂಗಡೀಲಿ ಕೌಂಟರಿನವ್ನು ಬಿಲ್ಲು ನೋಡ್ಲೇ ಇಲ್ಲ, ಗೋಡೆ ಮೇಲಿದ್ದ ಕಾಂಪೌಂಡ್ ಚಾರ್ಟಲ್ಲಿ ಬೆರಳಿಟ್ಟು "ಫೋರ್ ಹಂಡ್ರೆಡ್, ಟ್ವೆಂಟಿ ಎಯ್ಟ್ ಇಂಚ್, ಹಂಡ್ರೆಡ್ ಗ್ರೇನ್ ಪಾಯಿಂಟ್, ಕಟ್ ಮಾಡ್ಲಾ" ಅಂದ. ನಲವತ್ಮೂರು ಪೌಂಡಿನ ರಿಕರ್ವಿಗೆ ಅದು ಕಬ್ಬಿಣದ ಸಲಾಕೆ ಇದ್ದಂಗೆ (ಗ್ರೇನ್ ಅಂದ್ರೆ ತೂಕದ ಒಂದು ಚಿಕ್ಕ ಅಳತೆ, ಲೆಕ್ಕ ಕೆಳಗಿದೆ). ಕತ್ತರಿಸಿದ ಶಾಫ್ಟ್ ಮತ್ತೆ ಉದ್ದ ಆಗಲ್ಲ ಮಾರಾಯ್ರೆ, ಅದಕ್ಕೆ ಅಂಗಡೀಲಿ ಯಾರಾದ್ರೂ ಕಟ್ ಮಾಡ್ಲಾ ಅಂದ್ರೆ ಬೇಡ, ಫುಲ್ ಲೆಂಗ್ತೇ ಕೊಡಿ ಅನ್ನಿ.

ತ್ರೀ ರಿವರ್ಸ್‌ನವ್ರ ಸೈಟಲ್ಲಿ ಒಂದು ಡೈನಮಿಕ್ ಸ್ಪೈನ್ (ಬಿಟ್ಟಾಗಿನ ಸ್ಪೈನ್) ಕ್ಯಾಲ್ಕುಲೇಟರ್ ಇದೆ, ಸ್ಟೂ ಮಿಲ್ಲರ್ ಅನ್ನೋರು ಮಾಡಿದ ಲೆಕ್ಕದ ಮೇಲೆ ಕಟ್ಟಿದ್ದು, ಪುಕ್ಕಟೆ. ಬಿಲ್ಲು, ಹೆದೆ, ಎಳೆತ, ಶಾಫ್ಟು, ಪಾಯಿಂಟು ಎಲ್ಲ ತುಂಬಿಸಿದ್ರೆ ಬಿಲ್ಲಿಗೆ ಬೇಕಾಗಿರೋ ನಂಬರು ಬಾಣ ಕೊಡೋ ನಂಬರು ಎರಡನ್ನೂ ಪಕ್ಕ ಪಕ್ಕ ತೋರಿಸತ್ತೆ, ಎರಡೂ ಹತ್ರ ಬಂದ್ರೆ ಸರಿ. ಯಾವ ಎರಡು ಮೂರು ಸ್ಪೈನ್ ತರ್ಸಬೇಕು ಅಂತ ತೀರ್ಮಾನ ಮಾಡಕ್ಕೆ ಇದು ಸಾಕು, ಅದೇ ಕೊನೇ ಮಾತು ಅಂತ ನಂಬ್ಕೊಂಡು ಡಜನ್ ತಗೊಳ್ಳಕ್ಕೆ ಸಾಲ್ದು, ಯಾಕಂದ್ರೆ ನಿಮ್ಮ ಬೆರಳು ಹೆದೆನ ಹೆಂಗೆ ಬಿಡತ್ತೆ ಅಂತ ಅದಕ್ಕೆ ಗೊತ್ತಿಲ್ಲ. ನಾನು 600, 500, 400 ಮೂರೂ ತರ್ಸಿದೆ, ಎಲ್ಲ ಫುಲ್ ಲೆಂಗ್ತು, ಗರಿ ಇಲ್ದೆ.

ಟ್ಯೂನಿಂಗ್, ಅಂದ್ರೆ ಬಾಣವನ್ನ ಬಿಲ್ಲಿಗೆ ಹೊಂದಿಸೋದು, ಶುರು ಮಾಡೋ ಮುಂಚೆ ಬಿಲ್ಲಿನ ಕಡೆ ಎಲ್ಲ ಫಿಕ್ಸ್ ಆಗಿರ್ಬೇಕು. ಬ್ರೇಸ್ ಹೈಟು (ಹಿಡಿಗೂ ಹೆದೆಗೂ ಇರೋ ದೂರ), ಶೆಲ್ಫ್ ಮೇಲಿನ ಬಟ್ಟೆ, ಹೆದೆ ಮೇಲಿನ ಸೈಲೆನ್ಸರು, ಬಿಲ್ಲಿಗೆ ಕಟ್ಟೋ ಕ್ವಿವರ್ (ಬತ್ತಳಿಕೆ) ಇದ್ರೆ ಅದೂ, ಬೇಟೆಗೆ ಹೋಗೋವಾಗ ಹೆಂಗಿರತ್ತೋ ಹಂಗೇ. ನಾಕಿಂಗ್ ಪಾಯಿಂಟ್, ಅಂದ್ರೆ ಹೆದೆ ಮೇಲೆ ಬಾಣ ಸಿಕ್ಕಿಸೋ ಜಾಗ, ನಾನು ಚೌಕದಿಂದ (ಬಾಣ ಹೆದೆಗೆ ನೇರ ಅಡ್ಡ ನಿಲ್ಲೋ ಮಟ್ಟದಿಂದ) ಅರ್ಧ ಇಂಚು ಮೇಲೆ ಇಟ್ಕೊಂಡು ಶುರು ಮಾಡ್ತೀನಿ. ಮೂರೂ ಬೆರಳು ಬಾಣದ ಕೆಳಗೆ ಇಡೋರಿಗೆ ಇನ್ನೂ ಒಂಚೂರು ಮೇಲೆ ಬೇಕಾಗತ್ತೆ.

ಆಮೇಲೆ ಬೇರ್ ಶಾಫ್ಟ್ ಪರೀಕ್ಷೆ, ಇಲ್ಲಿ ಬೇರ್ ಅಂದ್ರೆ ಕಂಪನಿ ಅಲ್ಲ, ಬೋಳು. ಅಂದ್ರೆ ಗರಿ ಇರೋ ಬಾಣ ಒಂದಷ್ಟು, ಗರಿ ಇಲ್ಲದ್ದು ಒಂದು, ಎರಡನ್ನೂ ಒಂದೇ ಜಾಗಕ್ಕೆ ಗುರಿ ಇಟ್ಟು ಬಿಡೋದು, ಮೊದ್ಲು 10 ಗಜದಿಂದ, ಆಮೇಲೆ 15, 20. ಬಲಗೈಯವ್ರಿಗೆ ಹೇಳ್ತೀನಿ, ಎಡಚರು ಉಲ್ಟಾ ಮಾಡ್ಕೊಳ್ಳಿ: ಗರಿ ಇಲ್ದಿರೋದು ಗುಂಪಿನ ಬಲಕ್ಕೆ ಬಿದ್ರೆ ಬಾಣ ಮೆತ್ತಗಾಯ್ತು, ಎಡಕ್ಕೆ ಬಿದ್ರೆ ಗಟ್ಟಿಯಾಯ್ತು. ನನ್ನ 400 ಪಕ್ಕಾ ಎಡಕ್ಕೆ, ಗುಂಪಿಂದ ಒಂದು ಗೇಣು ಆಚೆ, ನಾಕ್ (ಹೆದೆಗೆ ಸಿಕ್ಕಿಸೋ ಹಿಂದಿನ ತುದಿ) ಬಲಕ್ಕೆ ವಾಲಿ ಚುಚ್ಕೊಳ್ತಿತ್ತು, 250 ಗ್ರೇನ್ ಪಾಯಿಂಟ್ ಹಾಕಿದ್ರೂ ಪೂರ್ತಿ ಒಳಗೆ ಬರ್ಲಿಲ್ಲ. 600 ಬಲಕ್ಕೆ ಓಡ್ತಿತ್ತು, ನಾಕ್ ಎಡಕ್ಕೆ ವಾಲ್ಕೊಂಡು. ಅದಕ್ಕೆ 125 ಹಾಕಿದ್ರೆ ಸರಿಯಾಗತ್ತೆ ಆದ್ರೆ ಬಾಣ ತೀರಾ ಹಗುರ ಆಗೋಗತ್ತೆ. 500 ಫುಲ್ ಲೆಂಗ್ತಲ್ಲಿ 175 ಪಾಯಿಂಟ್ ಜೊತೆ ಸ್ವಲ್ಪ ಬಲಕ್ಕೆ, ನಾಲ್ಕು ಬೆರಳಗಲ. ಇದು ಹಿಡ್ಕೊಳ್ಳೋ ಬಾಣ ಅಂತ ಅಲ್ಲೇ ಗೊತ್ತಾಯ್ತು, ಯಾಕಂದ್ರೆ ಮೆತ್ತಗಿರೋದನ್ನ ಕತ್ತರಿಸಿ ಗಟ್ಟಿ ಮಾಡ್ಬಹುದು.

ಕತ್ತರಿಸೋದು ಕಾಲು ಇಂಚು ಕಾಲು ಇಂಚು, ಅದೂ ಹಿಂದಿನ ನಾಕ್ ತುದಿಯಿಂದ. ಮುಂದೆ ಇನ್ಸರ್ಟ್ (ಪಾಯಿಂಟನ್ನ ಸ್ಕ್ರೂ ಮಾಡೋ ಲೋಹದ ತುಂಡು) ಅಂಟಿಸಿ ಆಗಿರತ್ತೆ, ನಾಕ್ ಆದ್ರೆ ಕೈಯಲ್ಲೇ ಕಿತ್ಕೊಂಡ್ ಬರತ್ತೆ, ಕತ್ತರಿಸಿ ಮತ್ತೆ ಸಿಕ್ಕಿಸಿ ಮತ್ತೆ ಬಿಡೋದು. ಪ್ರತಿ ಸಲ ಬೇರ್ ಶಾಫ್ಟ್ ಗುಂಪಿನ ಕಡೆ ಒಂಚೂರು ಒಂಚೂರು ಸರ್ಕೊಂಡು ಬರೋದು ಕಣ್ಣಾರೆ ಕಾಣತ್ತೆ, ಇದ್ರಲ್ಲಿರೋ ಮಜಾ ಬೇರೆ ಯಾವ್ದ್ರಲ್ಲೂ ಇಲ್ಲ. ನಂದು 29 ಮುಕ್ಕಾಲು ಇಂಚಿಗೆ ಗುಂಪಿನ ಅಂಚಿಗೆ ಬಂತು, 29 ಅರ್ಧಕ್ಕೆ ನಿಲ್ಲಿಸ್ದೆ. ಪೂರ್ತಿ ನಡುಮಧ್ಯ ತರೋ ಆಸೆಗೆ ಇನ್ನೊಂದು ಕಾಲು ಇಂಚು ಕತ್ತರಿಸ್ಬೇಡಿ, ಕೂದಲೆಳೆ ಮೆತ್ತಗೇ ಬಿಡಿ, ಯಾಕಂದ್ರೆ ಹಿಂದೆ ಗರಿ ಅಂಟಿಸಿದ್ಮೇಲೆ ಆ ತೂಕಕ್ಕೆ ಬಾಣ ಸ್ವಲ್ಪ ಗಟ್ಟಿ ಆಗತ್ತೆ. ಗರಿಯಷ್ಟೇ ತೂಕದ ಎಲೆಕ್ಟ್ರಿಕಲ್ ಟೇಪ್ ಹಿಂದೆ ಸುತ್ಕೊಂಡು ಟ್ಯೂನ್ ಮಾಡೋರೂ ಇದಾರೆ, ಅದು ಇನ್ನೂ ಸರಿಯಾದ ದಾರಿ.

ಒಂದು ಮೋಸ ಇದೆ ಇದ್ರಲ್ಲಿ, ತಿಳ್ಕೊಂಡಿರಿ. ಬಾಣ ತೀರಾ ಗಟ್ಟಿ ಇದ್ರೆ ಬಿಲ್ಲಿನ ಪಕ್ಕಕ್ಕೆ ಬಡ್ದು ಪುಟ್ದು ಬಲಕ್ಕೆ ಹೋಗತ್ತೆ, ನೋಡಿದವ್ರಿಗೆ ಮೆತ್ತಗಿದೆ ಅನ್ಸತ್ತೆ, ಮತ್ತೆ ಕತ್ತರಿಸ್ತಾರೆ, ಇನ್ನೂ ಗಟ್ಟಿ ಆಗತ್ತೆ, ಇನ್ನೂ ಬಲಕ್ಕೆ ಹೋಗತ್ತೆ. ಹಂಗೇ ನಾಕಿಂಗ್ ಪಾಯಿಂಟ್ ತೀರಾ ಕೆಳಗಿದ್ರೆ ಬಾಣದ ಹಿಂಭಾಗ ಶೆಲ್ಫಿಗೆ ಬಡ್ದು ಮೇಲಕ್ಕೆ ಹಾರತ್ತೆ, ನಾಕ್ ಮೇಲಿದೆ ಅಂತ ಇನ್ನೂ ಇಳಿಸ್ತಾರೆ. ಎರಡಕ್ಕೂ ಮದ್ದು ಒಂದೇ, ಕಾಲಿಗೆ ಹಾಕೋ ಪೌಡರ್ ಸ್ಪ್ರೇ ಸಿಗತ್ತಲ್ಲ, ಅದನ್ನ ಶೆಲ್ಫಿಗೂ ಬಾಣ ಒರಗೋ ಪಕ್ಕದ ಪ್ಲೇಟಿಗೂ ತೆಳ್ಳಗೆ ಹೊಡೆದು ಒಂದು ಬಾಣ ಬಿಡಿ. ಬಿಳಿ ಪುಡಿ ಮೇಲೆ ಎಲ್ಲಿ ಗೆರೆ ಬಿತ್ತು ಅಂತ ನೋಡಿದ್ರೆ ಬಡಿಯೋ ಜಾಗ ಗೊತ್ತಾಗೋಗತ್ತೆ. ಬಾಣ ಸರಿ ಇದ್ರೆ ಶೆಲ್ಫಲ್ಲಿ ಕೂತಿದ್ದ ಜಾಗದಲ್ಲಿ ಒಂದು ಚಿಕ್ಕ ಉಜ್ಜು, ಗರಿ ಸವರಿದ ಎಳೆ ಎಳೆ ಗುರುತು, ಅಷ್ಟೇ. ಹಿಂದಿನ ಅಂಚಲ್ಲಿ ಕಪ್ಪಗೆ ಗೀರಿದ್ರೆ ಎಲ್ಲೋ ಕೆಡ್ತಿದೆ ಅಂತ.

ಒಂದು ಬಾಣ ಗುಂಪಿಗೆ ಬಂದು ಇನ್ನೊಂದ್ಸಲ ದೂರ ಹೋಗ್ತಾ ಇದ್ರೆ ಅದು ಬಾಣದ ತಪ್ಪಲ್ಲ, ಬಿಡೋ ಕೈಯ ತಪ್ಪು. ಗರಿ ಇದ್ರೆ ಕೈಯಿನ ತಪ್ಪೆಲ್ಲ ಮುಚ್ಚೋಗತ್ತೆ, ಬೇರ್ ಶಾಫ್ಟ್ ಮುಲಾಜಿಲ್ದೆ ತೋರಿಸತ್ತೆ. ದಣಿದಿದ್ದಾಗ ಟ್ಯೂನ್ ಮಾಡ್ಬೇಡಿ, ಸುಮ್ನೆ ಶಾಫ್ಟ್ ಹಾಳು.

ಕತ್ತರಿಸ್ದೆ ಸರಿ ಮಾಡೋ ದಾರೀನೂ ಇದೆ. ಶೆಲ್ಫ್ ಪಕ್ಕದ ಪ್ಲೇಟಿನ ಚರ್ಮದ ಕೆಳಗೆ ಒಂದು ಬೆಂಕಿಕಡ್ಡಿನೋ ತೆಳು ಚರ್ಮದ ಚೂರೋ ಇಟ್ರೆ ಬಾಣ ಎಡಕ್ಕೆ ಸರ್ಕತ್ತೆ, ಆಗ ಸ್ವಲ್ಪ ಮೆತ್ತಗಿರೋ ಬಾಣಾನೂ ಹೊಂದ್ಕೊಳ್ಳತ್ತೆ. ಗಟ್ಟಿ ಇದ್ರೆ ಅಲ್ಲಿ ದಪ್ಪ ಕಮ್ಮಿ ಮಾಡ್ಬೇಕು, ಇಲ್ಲಾ ಮುಂದಿನ ತೂಕ ಏರಿಸ್ಬೇಕು.

ತೂಕದ ವಿಷ್ಯಕ್ಕೆ ಬಂದ್ರೆ ನಮ್ಮ ಬಿಲ್ಲುಗಳಿಗೆ ಪೌಂಡಿಗೆ ಇಷ್ಟು ಗ್ರೇನ್ ಅಂತ ಲೆಕ್ಕ. ಗ್ರೇನ್ ಅಂದ್ರೆ 65 ಮಿಲಿಗ್ರಾಂ ಹತ್ರತ್ರ, 7000 ಗ್ರೇನಿಗೆ ಒಂದು ಪೌಂಡು. ಬೇಟೆಗೆ ಪೌಂಡಿಗೆ 10ರ ಆಸುಪಾಸು ಇದ್ರೆ ಚೆನ್ನ, 8ಕ್ಕಿಂತ ಕೆಳಗೆ ನಾನಂತೂ ಇಳಿಯಲ್ಲ, ಹಗುರ ಬಾಣ ಬಿಟ್ರೆ ಬಿಲ್ಲಿಗೆ ಖಾಲಿ ಹೆದೆ ಬಿಟ್ಟಂಗೆ ಏಟು, ಸದ್ದೂ ಜೋರು, ಜಿಂಕೆ ಕಿವಿಗೆ ಆ ಸದ್ದೇ ಸಾಕು. ನನ್ನ ಲೆಕ್ಕ ಹೇಳ್ತೀನಿ: ಆಕ್ಸಿಸ್ 500 ಶಾಫ್ಟು ಇಂಚಿಗೆ 8 ಗ್ರೇನಿನ ಮೇಲೆ ಚಿಲ್ರೆ, 29 ಅರ್ಧ ಇಂಚಿಗೆ 240ರ ಹತ್ರ. ಒಳಗಿನ ಹಿತ್ತಾಳೆ ಇನ್ಸರ್ಟ್ 50, ಪಾಯಿಂಟ್ 175, ನಾಕ್ ಮತ್ತೆ ಗರಿ ಸೇರಿ 18 ಇಪ್ಪತ್ತು. ಒಟ್ಟು 480 ಚಿಲ್ರೆ, 43 ಪೌಂಡಿಗೆ ಹಂಚಿದ್ರೆ 11ರ ಮೇಲೆ. ಬಾಣ ಎಲ್ಲಿ ಸಮತೂಕ ಆಗತ್ತೆ ಅಂತ ಬೆರಳ ಮೇಲಿಟ್ಟು ನೋಡಿ, ನಾಕ್ ಒಳಗಿಂದ ಅಲ್ಲಿಗೆ ಎಷ್ಟು ಇಂಚು ಅಂತ ಅಳೆದು, ಅದ್ರಲ್ಲಿ ಬಾಣದ ಅರ್ಧ ಉದ್ದ ಕಳೆದು, ಪೂರ್ತಿ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಬರೋದು, ಬಾಣದ ತೂಕ ನಡುವಿಗಿಂತ ಎಷ್ಟು ಮುಂದಿದೆ ಅಂತ ಹೇಳೋ ಎಫ್‌ಒಸಿ, ನಂದು 22 ಪರ್ಸೆಂಟ್ ಹತ್ರ.

ಈ ಎಫ್‌ಒಸಿ ಮೇಲೆ ಈಗ ದೊಡ್ಡ ಭಕ್ತಿ ನಡೀತಿದೆ. ಡಾಕ್ಟರ್ ಎಡ್ ಆ್ಯಶ್ಬಿ ಅನ್ನೋರು ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳ ಮೇಲೆ ವರ್ಷಗಟ್ಲೆ ಬಾಣ ಪರೀಕ್ಷೆ ಮಾಡಿ, 19 ಪರ್ಸೆಂಟ್ ದಾಟಿದ್ರೆ ಬಾಣ ಒಳಗೆ ಹೋಗೋದು ಜಾಸ್ತಿ, ದಪ್ಪ ಮೂಳೆ ಒಡೀಬೇಕಾದ್ರೆ 650 ಗ್ರೇನ್ ಬೇಕು ಅಂತೆಲ್ಲ ಬರ್ದಿದಾರೆ. ಕೆಲಸ ದೊಡ್ಡದೇ, ಅದ್ರಲ್ಲಿ ಮಾತಿಲ್ಲ. ಆದ್ರೆ ಕಾಡುಕೋಣದಂಥ ಪ್ರಾಣಿಗೆ ಹೇಳಿದ್ದನ್ನ ತಂದು 15 ಗಜದಲ್ಲಿ ನಿಂತಿರೋ ವೈಟ್‌ಟೇಲ್ ಜಿಂಕೆಗೆ ಹಾಕಿ 43 ಪೌಂಡಿನ ಬಿಲ್ಲಲ್ಲಿ 650 ಗ್ರೇನ್ ಬಿಡಕ್ಕೋದ್ರೆ ಬಾಣ ಕಾಮನಬಿಲ್ಲಿನ ತರ ಬಾಗ್ಕೊಂಡು ಹೋಗತ್ತೆ, 20 ಗಜಕ್ಕೂ 15 ಗಜಕ್ಕೂ ಗುರಿಯಲ್ಲಿ ಅಷ್ಟು ವ್ಯತ್ಯಾಸ ಬಂದ್ರೆ ಕಾಡಲ್ಲಿ ದೂರ ಅಂದಾಜು ಮಾಡೋದೇ ಕಷ್ಟ. ಮುಂದೆ ತೂಕ ಇರ್ಲಿ, ಬಾಣ ಬೇಗ ನೆಟ್ಟಗಾಗತ್ತೆ, ಗರಿ ಚಿಕ್ಕದಾದ್ರೂ ನಡಿಯತ್ತೆ. ಆದ್ರೆ ಆ ನಂಬರ್ ಸಲುವಾಗಿ ಟ್ಯೂನ್ ಕೆಡಿಸ್ಕೋಬೇಡಿ. ಓರೆಯಾಗಿ ಹೋಗೋ 30 ಪರ್ಸೆಂಟ್ ಬಾಣಕ್ಕಿಂತ ನೆಟ್ಟಗೆ ಹೋಗೋ 15 ಪರ್ಸೆಂಟ್ ಬಾಣ ಒಳಗೆ ಹೋಗತ್ತೆ.

ಇನ್ನೊಂದು ದುಡ್ಡು ಕೀಳೋ ವಿಷ್ಯ ಸ್ಟ್ರೇಟ್‌ನೆಸ್. ಅಂದ್ರೆ ಶಾಫ್ಟ್ ಎಷ್ಟು ನೆಟ್ಟಗಿದೆ ಅನ್ನೋದು, 0.006, 0.003, 0.001 ಇಂಚು ಅಂತ ದರ್ಜೆ, ಒಂದೊಂದು ಮೆಟ್ಲಿಗೂ ರೇಟ್ ಏರತ್ತೆ. ಬೆರಳಿಂದ ಬಿಡೋ, ಗುರಿ ನೋಡೋ ಸೈಟ್ ಇಲ್ದಿರೋ ಬಿಲ್ಲಿಗೆ 20 ಗಜದಲ್ಲಿ 001 ದರ್ಜೆ ಬೇಡವೇ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆ ದುಡ್ಡಲ್ಲಿ ಟೆಸ್ಟ್ ಕಿಟ್ಟು, ಗ್ರೇನ್ ತೋರಿಸೋ ಚಿಕ್ಕ ತಕ್ಕಡಿ, ಒಂದು ಒಳ್ಳೇ ಗರಿ ಅಂಟಿಸೋ ಜಿಗ್ ಬರತ್ತೆ.

ಈಗ ಎರಡು ಶಾಫ್ಟಿನ ಬಗ್ಗೆ. ಗೋಲ್ಡ್ ಟಿಪ್ ಸ್ವಲ್ಪ ದಪ್ಪ, ಒಳ ವ್ಯಾಸ 0.246 ಇಂಚು, ಮಾಮೂಲಿ ಇನ್ಸರ್ಟೇ ಕೂರತ್ತೆ, ಎಲ್ಲಾ ಅಂಗಡೀಲೂ ಸಾಮಾನು ಸಿಗತ್ತೆ, ಹಿಂದಿಂದ ಸ್ಕ್ರೂ ಮಾಡೋ ತೂಕದ ಬಿಲ್ಲೆಗಳೂ ಬರ್ತವೆ, ಇನ್ಸರ್ಟ್ ಕೀಳ್ದೆನೇ ಮುಂದಿನ ತೂಕ ಏರಿಸ್ಬಹುದು, ಟ್ಯೂನ್ ಮಾಡೋರಿಗೆ ಇದು ದೊಡ್ಡ ಅನುಕೂಲ. ಆಕ್ಸಿಸ್ ಸಣ್ಣ, ಒಳ ವ್ಯಾಸ 0.204, ಗೋಡೆ ದಪ್ಪ. ಇನ್ಸರ್ಟ್ ಪೂರ್ತಿ ಶಾಫ್ಟ್ ಒಳಗೇ ಇಳಿಯತ್ತೆ, ಅದನ್ನೇ ಅವ್ರು ಹಿಟ್ ಅಂತಾರೆ, ಹೊರಗೆ ಅಂಚು ಇರಲ್ಲ, ಪಾಯಿಂಟಿನ ಹಿಂಭಾಗ ನೇರ ಕಾರ್ಬನ್ ಮೇಲೇ ಕೂರತ್ತೆ. ಇದ್ರಿಂದ ಪಾಯಿಂಟ್ ನೆಟ್ಟಗೆ ಕೂರತ್ತೆ ನಿಜ, ಆದ್ರೆ ಕತ್ತರಿಸಿದ ಅಂಚು ಒಂಚೂರು ಓರೆ ಇದ್ರೂ ಪಾಯಿಂಟ್ ಓರೆ, ಗಟ್ಟಿ ಜಾಗಕ್ಕೆ ಬಡಿದ್ರೆ ಕಾರ್ಬನ್ ಬಾಯಿ ಸೀಳೋದೂ ಉಂಟು. ಟಾರ್ಗೆಟ್ಟಿಂದ ಕೀಳೋವಾಗ ಸಣ್ಣ ಶಾಫ್ಟ್ ಸಲೀಸು, ಗಾಳೀಲೂ ಕಮ್ಮಿ ಸರಿಯತ್ತೆ, ಏಟು ತಡ್ಕೊಳ್ಳೋದ್ರಲ್ಲಿ ನಂಗೆ ಆಕ್ಸಿಸ್ಸೇ ಮೇಲು ಅನ್ಸಿದೆ. ಅರ್ಧ ಸ್ಟಾರ್ ಕಮ್ಮಿ ಕೊಟ್ಟಿದ್ದು ಇನ್ಸರ್ಟ್ ಕೂರಿಸೋ ರಗಳೆಗೆ: ಎಪಾಕ್ಸಿ ಹಾಕಿ ಒಂದು ರಾತ್ರಿ ಬಿಡ್ಬೇಕು, ಒಂದ್ಸಲ ಕೂತ್ರೆ ಕೂತಂಗೇ, ತೂಕ ಬದಲಾಯಿಸ್ತೀನಿ ಅಂದ್ರೆ ಆಗಲ್ಲ. ಅದಕ್ಕೆ ಟೆಸ್ಟ್ ಶಾಫ್ಟಿಗೆ ಯಾವ ಇನ್ಸರ್ಟ್ ಹಾಕಿಸ್ತೀರೋ ಡಜನ್ನಿಗೂ ಅದೇ ಹಾಕ್ಬೇಕು, ಟೆಸ್ಟಲ್ಲಿ ಅಲ್ಯುಮಿನಿಯಮ್ಮು ಡಜನ್ನಲ್ಲಿ ಹಿತ್ತಾಳೆ ಅಂದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾಗತ್ತೆ.

ಶಾಫ್ಟ್ ಕತ್ತರಿಸಕ್ಕೆ ಪೈಪ್ ಕಟರ್ ಬೇಡ, ಹ್ಯಾಕ್ಸಾ ಬ್ಲೇಡೂ ಬೇಡ, ಜೋರಾಗಿ ತಿರುಗೋ ಉಜ್ಜುಚಕ್ರದ ಗರಗಸವೇ ಬೇಕು, ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಒಳ್ಳೇದಲ್ಲ. ಕತ್ತರಿಸಿದ್ಮೇಲೆ ಅಂಚನ್ನ ನುಣ್ಣನೆ ಮರಳುಕಾಗದದ ಮೇಲೆ ಉಜ್ಜಿ ಚೌಕ ಮಾಡಿ, ಒಳಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿ ಕಡ್ಡೀಲಿ ಒರೆಸಿ, ಹತ್ತಿ ಕಪ್ಪಾಗದ ತನಕ. ಶಾಫ್ಟಿಗೆ ನೇರವಾಗಿ ಬೆಂಕಿ ತೋರಿಸ್ಬೇಡಿ, ಕಾರ್ಬನ್ನನ್ನ ಹಿಡ್ದಿರೋ ರೆಸಿನ್ ಸತ್ತೋಗತ್ತೆ.

ಗರಿ ವಿಷ್ಯದಲ್ಲಿ ಚರ್ಚೆನೇ ಇಲ್ಲ, ಶೆಲ್ಫ್ ಮೇಲಿಂದ ಬಿಡೋರಿಗೆ ಟರ್ಕಿ ಕೋಳಿ ಗರಿ, ಪ್ಲಾಸ್ಟಿಕ್ ವೇನ್ ಶೆಲ್ಫಿಗೆ ಬಡ್ದು ಬಾಣಾನ ಹಾರಿಸತ್ತೆ, ಗರಿ ಮಡಚ್ಕೊಂಡು ದಾಟತ್ತೆ. ವಿಸ್ಕಾನ್ಸಿನ್ನಿನ ಟ್ರೂಫ್ಲೈಟ್‌ನವ್ರ ಗರಿ ನಾನು ಬಳಸೋದು, 4 ಇಂಚು ಮೂರು. ಎಡರೆಕ್ಕೆ ಬಲರೆಕ್ಕೆ ಅಂತ ಎರಡು ಜಾತಿ, ಒಂದು ಬಾಣದಲ್ಲಿ ಎರಡನ್ನೂ ಸೇರಿಸ್ಬಾರ್ದು, ಜಿಗ್ಗಿನ ಕ್ಲ್ಯಾಂಪೂ ಅದಕ್ಕೆ ಹೊಂದೋದೇ ಇರ್ಬೇಕು. ಕಾರ್ಬನ್ನಿನ ಇನ್ನೊಂದು ಸುಖ, ನಾಕ್ ಅಂಟಿಸಿರಲ್ಲ, ಒಂಚೂರು ತಿರುಗಿಸಿದ್ರೆ ಗರಿ ಬಿಲ್ಲಿಗೆ ತಾಗೋ ಕೋನ ಬದಲಾಗತ್ತೆ, ಪೌಡರ್ ಹೊಡೆದಾಗ ಒಂದು ಗರಿ ಜೋರಾಗಿ ಸವರ್ತಿದ್ರೆ ಇಷ್ಟೇ ಮಾಡಿ. ನಾಕ್ ಹೆದೆಗೆ ಟಕ್ ಅಂತ ಕೂರ್ಬೇಕು, ಬಾಣ ನೇತಾಡ್ಬೇಕು, ಹೆದೆಗೆ ಬೆರಳಲ್ಲಿ ಒಂದು ಏಟು ಕೊಟ್ರೆ ಬಿದ್ದೋಗ್ಬೇಕು. ಬಿಗಿ ಇದ್ರೆ ಟ್ಯೂನಿಂಗ್ ಪೂರಾ ಸುಳ್ಳು ಹೇಳತ್ತೆ.

ಬ್ರಾಡ್‌ಹೆಡ್ (ಬೇಟೆಗೆ ಹಾಕೋ ಹರಿತ ಅಲಗಿನ ಮೊನೆ) ಹಾಕಿದ್ಮೇಲೆ ಇನ್ನೊಂದ್ಸಲ ಪರೀಕ್ಷೆ ಮಾಡ್ಲೇಬೇಕು. ಮಿಷಿಗನ್ ಕಾನೂನಲ್ಲಿ ಜಿಂಕೆಗೆ ಬ್ರಾಡ್‌ಹೆಡ್ 7/8 ಇಂಚಿಗಿಂತ ಕಮ್ಮಿ ಅಗಲ ಇರ್ಬಾರ್ದು, ಬಾಣ 14 ಇಂಚಿಗಿಂತ ಗಿಡ್ಡ ಇರ್ಬಾರ್ದು. ನಂದು ಜ್ವಿಕಿ ಎಸ್ಕಿಮೋ, ಎರಡು ಅಲಗಿಂದು, ಮಿನೆಸೋಟಾದ ಹಳೇ ಕಂಪನಿ. ಅಂಟಿಸೋ ತರದ್ದು 125 ಗ್ರೇನು, ಕಾರ್ಬನ್ನಿಗೆ ಸ್ಕ್ರೂ ಅಡಾಪ್ಟರ್ ಬೇಕು, ಅಲ್ಯುಮಿನಿಯಂದು 42. ಎರಡೂ ಸೇರಿ 167, ಅಂಟು ಸೇರಿ ಇನ್ನೊಂಚೂರು, 175ರ ಪಾಯಿಂಟಿಗೂ ಇದಕ್ಕೂ 20 ಗಜದಲ್ಲಿ ವ್ಯತ್ಯಾಸ ಕಾಣಲ್ಲ. ಕೂರಿಸಿದ್ಮೇಲೆ ತುದಿಯನ್ನ ಉಗುರಿನ ಮೇಲೆ ನಿಲ್ಲಿಸಿ ಬಾಣ ತಿರುಗಿಸಿ, ಅಲುಗಾಡಿದ್ರೆ ಬಿಸಿ ಮಾಡಿ ಮತ್ತೆ ಕೂರಿಸಿ, ಅದೂ ಅಡಾಪ್ಟರನ್ನ ಬಾಣದಿಂದ ಬಿಚ್ಕೊಂಡು. ಫೀಲ್ಡ್ ಪಾಯಿಂಟಿನ ಗುಂಪಿಗೇ ಬ್ರಾಡ್‌ಹೆಡ್ಡೂ ಬಂದು ಬಿದ್ರೆ ಟ್ಯೂನ್ ಮುಗೀತು. ಬೇರ್ ಶಾಫ್ಟ್ ಸರಿ ಮಾಡಿದವ್ರಿಗೆ ಇಲ್ಲಿ ಹೆಚ್ಚು ಕೆಲಸ ಇರಲ್ಲ.

ಕೊರತೆ ಹೇಳ್ಬೇಕಂದ್ರೆ, ಮರದ ಬಣ್ಣದ ಶಾಫ್ಟ್ ಚಂದ ಕಾಣತ್ತೆ ಸರಿ, ಅಕ್ಟೋಬರಲ್ಲಿ ಮೇಪಲ್ ಎಲೆ ನೆಲದ ತುಂಬ ಬಿದ್ದಿರೋವಾಗ ಗುರಿ ತಪ್ಪಿದ ಬಾಣ ಹುಡುಕಿ ನೋಡಿ, ದೇವ್ರೇ ಗತಿ. ಬಿಳಿ ಇಲ್ಲಾ ಹಳದಿ ಗರಿ ಹಾಕಿ. ಹಿಂದೆ ಬಣ್ಣದ ರ‍್ಯಾಪ್ ಸುತ್ತೋದಾದ್ರೆ ಆ ತೂಕವನ್ನೂ ಟ್ಯೂನಿಂಗ್ ಮಾಡೋವಾಗ್ಲೇ ಸೇರಿಸ್ಕೊಳ್ಳಿ. ಗೋಲ್ಡ್ ಟಿಪ್ಪಿನ ಮರದ ಗೆರೆಗಳು ಫೋಮ್ ಟಾರ್ಗೆಟ್ಟಿಗೆ ಉಜ್ಜಿ ಉಜ್ಜಿ ಮುಂದಿನ ಅರ್ಧಕ್ಕೆ ಮಾಸೋಗ್ತವೆ, ಒಂದು ಸ್ಟಾರ್ ಹೋಗಿದ್ದಕ್ಕೆ ಅದೂ ಒಂದು ಕಾರಣ. ಮರದ ಬಾಣ ಬಗ್ಗಿದ್ರೆ ಕೈಯಲ್ಲೇ ನೆಟ್ಟಗೆ ಮಾಡ್ಬಹುದು, ಅಲ್ಯುಮಿನಿಯಂ ಡೊಂಕಾದ್ರೆ ಕಣ್ಣಿಗೆ ಕಾಣತ್ತೆ, ಕಾರ್ಬನ್ ಮಾತ್ರ ಒಳಗೊಳಗೇ ಸೀಳಿರತ್ತೆ, ಹೊರಗೆ ಕಾಣಲ್ಲ. ಗಟ್ಟಿ ಜಾಗಕ್ಕೆ ಬಡಿದ ಬಾಣಾನ ಮತ್ತೆ ಬಿಡೋ ಮುಂಚೆ ಕಿವಿ ಹತ್ರ ಹಿಡಿದು ಬಗ್ಗಿಸಿ, ತಿರುಗಿಸಿ ಮತ್ತೆ ಬಗ್ಗಿಸಿ, ಚಟ್ ಅಂತ ಸದ್ದು ಬಂದ್ರೆ ಮುರಿದು ಎಸೀರಿ. ಬಿಟ್ಟಾಗ ಒಡೆದ್ರೆ ಚೂರು ಸೀದಾ ಬಿಲ್ಲು ಹಿಡಿದ ಕೈಯೊಳಗೆ ಹೋಗತ್ತೆ, ಇದು ತಮಾಷೆ ಮಾತಲ್ಲ.

ರೇಟು ಎರಡಕ್ಕೂ ಡಜನ್ನಿಗೆ ನೂರು ಡಾಲರಿನ ಮೇಲೇ, ಗರಿ ಅಂಟಿಸಿದ್ದು ಇನ್ನೂ ಜಾಸ್ತಿ. ಒಂದೊಂದು ಶಾಫ್ಟಿನ ಮೇಲೂ ಫೆಡರಲ್ ತೆರಿಗೆ ಇದೆ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ನಿಧಿಗೆ ಹೋಗತ್ತೆ, ಕಾಡುಪ್ರಾಣಿ ಸಂರಕ್ಷಣೆಗೆ ರಾಜ್ಯಗಳಿಗೆ ಹಂಚ್ತಾರೆ, ಹಂಗಾಗಿ ಆ ದುಡ್ಡಿನ ಬಗ್ಗೆ ನಂಗೆ ಬೇಜಾರಿಲ್ಲ.

ಬಿಲ್ಲು ಹಿಡಿದು ಇನ್ನೂ ಹೊಸದು, ಮುಂದಿನ ವರ್ಷ ಪೌಂಡ್ ಏರಿಸ್ತೀನಿ ಅನ್ನೋರು ಈ ಬಾಣಕ್ಕೆ ದುಡ್ಡು ಹಾಕ್ಬೇಡಿ, ಸಾದಾ ಕಪ್ಪು ಕಾರ್ಬನ್ನೋ ಅಲ್ಯುಮಿನಿಯಮ್ಮೋ ತಗೊಂಡು ಕೈ ಪಳಗಿಸ್ಕೊಳ್ಳಿ. ಊರಿಂದ ಕೇಳೋರಿಗೆ: ಇಂಡಿಯಾದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಮಾತೇ ಬೇಡ, ಆದ್ರೆ ಬೇರ್‌ಬೋ (ಸೈಟ್ ಇಲ್ಲದ ಬಿಲ್ಲಲ್ಲಿ) ಟಾರ್ಗೆಟ್ ಹೊಡೆಯೋರಿಗೆ ಮೇಲೆ ಹೇಳಿದ ಬೇರ್ ಶಾಫ್ಟ್ ಟ್ಯೂನಿಂಗು ಹಂಗಂಗೇ ಉಪಯೋಗಕ್ಕೆ ಬರತ್ತೆ, ಬರೀ ಮುಂದಿನ ತೂಕ ಕಮ್ಮಿ ಇಟ್ಕೊಳ್ಳಿ. ಎಡಗೈಯವ್ರು ಯಾರಾದ್ರೂ 40 ಪೌಂಡ್ ಆಸುಪಾಸಿನ ಲಾಂಗ್‌ಬೋಗೆ 600 ಹಾಕಿ ಟ್ಯೂನ್ ಮಾಡಿದ್ರೆ ಉದ್ದ ಎಷ್ಟಕ್ಕೆ ನಿಲ್ಲಿಸಿದ್ರಿ, ಮುಂದೆ ಎಷ್ಟು ಗ್ರೇನ್ ಹಾಕಿದ್ರಿ ಅಂತ ತಿಳಿಸಿ, ನನ್ನ ಭಾಮೈದನಿಗೆ ಬೇಕಾಗಿದೆ.